ವಿಶೇಷ ಶಾಲೆಯ ಫೀಸು ಡಿಸ್ಟ್ರಿಕ್ಟ್ ಕಟ್ಟಬೇಕಾದರೆ

ಅಮೆರಿಕದಲ್ಲಿ ಸರ್ಕಾರಿ ಶಾಲೆಯವರೇ ಒಂದು ಮಗುವಿನ ಖಾಸಗಿ ಶಾಲೆಯ ಫೀಸು ಕಟ್ಟುತ್ತಾರೆ ಎಂದರೆ ಊರಿನಲ್ಲಿರುವ ಅಜ್ಜ ಅಜ್ಜಿ ನಂಬಲಿಕ್ಕಿಲ್ಲ. ಎಡಿಸನ್‌ನಲ್ಲೋ ಫ್ರಿಮಾಂಟ್‌ನಲ್ಲೋ ಇರುವ ಅಪ್ಪ ಅಮ್ಮಂದಿರಲ್ಲೂ ಅನೇಕರಿಗೆ ಇದು ಗೊತ್ತಿರುವುದಿಲ್ಲ. ಗೊತ್ತಾದವರೂ ಎರಡು ಕಡೆ ಎಡವುತ್ತಾರೆ. ಕೆಲವರು, ಈ ಖಾಸಗಿ ಶಾಲೆ ನಮ್ಮ ಮಗುವಿಗೆ ಹೇಳಿ ಮಾಡಿಸಿದಂತಿದೆ, ಹಾಗಾಗಿ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ದುಡ್ಡು ಕೊಡಲಿ ಎಂದು ವಾದಿಸುತ್ತಾರೆ. ಇನ್ನು ಕೆಲವರು ಬೇಸತ್ತು ಮಗುವನ್ನು ಬಿಡಿಸಿ, ಖಾಸಗಿ ಶಾಲೆಗೆ ಸೇರಿಸಿ, ಆಮೇಲೆ ವಕೀಲರನ್ನು ಹುಡುಕುತ್ತಾರೆ. ಮೊದಲನೆಯವರದು ತಪ್ಪು ವಾದ, ಎರಡನೆಯವರದು ತಡವಾದ ವಾದ. ಇಲ್ಲಿನ ಕಾನೂನು ಒಳ್ಳೆಯ ಶಾಲೆಗೆಂದು ದುಡ್ಡು ಕೊಡುವುದಿಲ್ಲ. ಸರ್ಕಾರಿ ಶಾಲೆ ತಾನು ಕೊಡಲೇಬೇಕಾದ್ದನ್ನು ಕೊಡದೆ ಹೋದಾಗ ಕೊಡಿಸುತ್ತದೆ, ಅದೂ ಅದನ್ನು ಕಾಗದದ ಮೇಲೆ ತೋರಿಸಿದವರಿಗೆ.

ಆಟಿಸಂ, ತೀವ್ರ ಡಿಸ್ಲೆಕ್ಸಿಯಾ, ಮಾತಿನ ಅಥವಾ ನಡವಳಿಕೆಯ ತೊಂದರೆ ಇರುವ ಮಗುವನ್ನು ಹತ್ತಿರದ ಪಬ್ಲಿಕ್ ಸ್ಕೂಲಿಗೆ ಕಳಿಸಿ, ಎರಡು ಮೂರು ವರ್ಷ ಕಾದು, ಮಗು ಇದ್ದಲ್ಲೇ ಇದೆ ಎಂದು ಮನವರಿಕೆಯಾದ ಮನೆಗಳಿಗಾಗಿ ಈ ಲೇಖನ. ಇಂಥ ಮಕ್ಕಳಿಗೆಂದೇ ನಡೆಯುವ ಖಾಸಗಿ ಶಾಲೆಗಳಲ್ಲಿ ಫೀಸು ವರ್ಷಕ್ಕೆ 50 ಸಾವಿರ ಡಾಲರ್ ಇರುವುದು ಅಪರೂಪವೇನಲ್ಲ. ಲಕ್ಷ ದಾಟುವುದೂ ಉಂಟು. ಗಂಡ ಹೆಂಡತಿ ಇಬ್ಬರೂ ದುಡಿಯುವ ಐಟಿ ಸಂಸಾರಕ್ಕೂ ಇದು ವರ್ಷಗಟ್ಟಲೆ ತೂಗಿಸಬಲ್ಲ ಮೊತ್ತವಲ್ಲ.

ಕಾನೂನು ಎಷ್ಟು ಕೊಡುತ್ತದೆ

1975ರ ನವೆಂಬರಿನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ವಿಶೇಷ ಶಿಕ್ಷಣದ ಕಾನೂನೇ ಇಂದಿನ ಐಡಿಇಎ. ಅಲ್ಲಿಯವರೆಗೆ ಅನೇಕ ರಾಜ್ಯಗಳಲ್ಲಿ ಅಂಗವೈಕಲ್ಯವಿರುವ ಮಗುವನ್ನು ಶಾಲೆಗೇ ಸೇರಿಸಿಕೊಳ್ಳದೆ ವಾಪಸು ಕಳಿಸಬಹುದಿತ್ತು. ಈಗ ಮೂರನೇ ವರ್ಷದಿಂದ ಸಾಮಾನ್ಯವಾಗಿ 21ರ ವರೆಗೆ ಪ್ರತಿ ಮಗುವಿಗೂ ಉಚಿತವಾದ, ಅದಕ್ಕೆ ತಕ್ಕ ಶಿಕ್ಷಣ ಕೊಡುವುದು ಸ್ಕೂಲ್ ಡಿಸ್ಟ್ರಿಕ್ಟಿನ ಹೊಣೆ. ಏನು ಕೊಡುತ್ತಾರೆ, ಎಷ್ಟು ಕೊಡುತ್ತಾರೆ ಎಂದು ಬರೆದಿಡುವ ದಾಖಲೆ ಐಇಪಿ. ಅದನ್ನು ಬರೆಯುವ ತಂಡದಲ್ಲಿ ಅಪ್ಪ ಅಮ್ಮ ಕರೆಸಿಕೊಂಡ ಅತಿಥಿಗಳಲ್ಲ, ಸದಸ್ಯರು. ನಮ್ಮವರು ಮೇಷ್ಟ್ರ ಮುಂದೆ ಕೈಕಟ್ಟಿ ಕೂತು ಬೆಳೆದವರಾದ್ದರಿಂದ ಇದನ್ನು ಎರಡು ಸಲ ಹೇಳಿಕೊಳ್ಳಬೇಕಾಗುತ್ತದೆ.

‘ತಕ್ಕ ಶಿಕ್ಷಣ’ ಎಂದರೆ ಎಷ್ಟು? 1982ರ ರೌಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಗುವಿನ ಸಾಮರ್ಥ್ಯ ಪೂರ್ತಿ ಅರಳುವಷ್ಟು ಕೊಡಬೇಕಾಗಿಲ್ಲ ಎಂದಿತು. 1993ರಲ್ಲಿ ಮೇಲ್ಮನವಿ ಕೋರ್ಟೊಂದು, ಕಾನೂನು ಕೊಡುವುದು ಕ್ಯಾಡಿಲಾಕ್ ಅಲ್ಲ, ಓಡುವಂಥ ಶೆವ್ರೊಲೆ ಎಂದು ಬರೆಯಿತು. ಡಿಸ್ಟ್ರಿಕ್ಟಿನ ವಕೀಲರು ಈ ಕಾರಿನ ಮಾತನ್ನು ಇವತ್ತಿಗೂ ಬಿಟ್ಟಿಲ್ಲ. ಪೋಷಕರ ಕೈಗೆ ಬಲ ಬಂದದ್ದು 2017ರಲ್ಲಿ. ಕೊಲೊರಾಡೊದ ಡಗ್ಲಸ್ ಕೌಂಟಿಯಲ್ಲಿ ಆಟಿಸಂ ಇದ್ದ ಹುಡುಗನೊಬ್ಬನ ಐಇಪಿಯಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಅವೇ ಗುರಿಗಳು ಮರುಕಳಿಸುತ್ತಿದ್ದವು. ನಾಲ್ಕನೇ ತರಗತಿ ಮುಗಿದ ಮೇಲೆ ಪೋಷಕರು ಅವನನ್ನು ಖಾಸಗಿ ಶಾಲೆಗೆ ಸೇರಿಸಿ ಫೀಸು ವಾಪಸು ಕೇಳಿದರು. ಕೆಳಗಿನ ಎಲ್ಲ ಹಂತಗಳಲ್ಲೂ ಸೋತರು. ಎಂಡ್ರೂ ಎಫ್. ಎಂದು ಹೆಸರಾದ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ, ಚೂರುಪಾರು ಪ್ರಗತಿ ಸಾಲದು, ಆ ಮಗುವಿನ ಸ್ಥಿತಿಯನ್ನು ನೋಡಿ ಅದಕ್ಕೆ ತಕ್ಕ ಪ್ರಗತಿಯಾಗುವಂತೆ ಐಇಪಿ ಇರಬೇಕು ಎಂದಿತು. ಮರುವರ್ಷ ಕೆಳಗಿನ ಕೋರ್ಟು ಕುಟುಂಬದ ಪರ ತೀರ್ಪು ಕೊಟ್ಟಿತು. ಮಗುವನ್ನು ಸೇರಿಸಿದ್ದು 2010ರಲ್ಲಿ, ಗೆದ್ದದ್ದು 2018ರಲ್ಲಿ ಎಂಬುದನ್ನೂ ನೆನಪಿಡಿ.

ಖಾಸಗಿ ಶಾಲೆಯ ದುಡ್ಡಿನ ವಿಷಯದಲ್ಲಿ ಮುಖ್ಯವಾದ ತೀರ್ಪುಗಳು ಮೂರು. 1985ರ ಬರ್ಲಿಂಗ್ಟನ್ ಪ್ರಕರಣ ಮ್ಯಾಸಚೂಸೆಟ್ಸ್‌ನದು. ಕೋರ್ಟು ಕಚೇರಿ ಮುಗಿಯುವ ತನಕ ಮಗು ಕಾಯುತ್ತಾ ಕೂರಬೇಕಾಗಿಲ್ಲ, ಪೋಷಕರು ತಮ್ಮ ಖರ್ಚಿನಲ್ಲಿ ಸೇರಿಸಿ ಗೆದ್ದರೆ ವಾಪಸು ಪಡೆಯಬಹುದು, ಸೋತರೆ ಖರ್ಚು ಅವರದೇ ಎಂಬುದು ಅದರ ಸಾರ. 1993ರ ಕಾರ್ಟರ್ ಪ್ರಕರಣ ಸೌತ್ ಕ್ಯಾರೊಲೈನಾದ್ದು. ಒಂಬತ್ತನೇ ತರಗತಿಗೆ ಬಂದರೂ ಸರಿಯಾಗಿ ಓದಲು ಬಾರದ ಹುಡುಗಿಗೆ ಡಿಸ್ಟ್ರಿಕ್ಟ್ ಇಟ್ಟ ಗುರಿ, ಇಡೀ ವರ್ಷದಲ್ಲಿ ನಾಲ್ಕು ತಿಂಗಳಷ್ಟು ಪ್ರಗತಿ! ಪೋಷಕರು ಸೇರಿಸಿದ ಶಾಲೆಗೆ ರಾಜ್ಯದ ಮಾನ್ಯತೆ ಇರಲಿಲ್ಲ. ಆದರೂ ಫೀಸು ವಾಪಸು ಕೊಡಬೇಕೆಂದು ಕೋರ್ಟು ಹೇಳಿತು. 2009ರ ಫಾರೆಸ್ಟ್ ಗ್ರೋವ್ ತೀರ್ಪು, ಡಿಸ್ಟ್ರಿಕ್ಟಿನಿಂದ ಒಂದು ದಿನವೂ ವಿಶೇಷ ಶಿಕ್ಷಣ ಸಿಗದ ಮಗುವಿನ ಪೋಷಕರೂ ಕೇಳಬಹುದು ಎಂದಿತು. ಆ ಕುಟುಂಬ ಕಾನೂನಿನ ಪ್ರಶ್ನೆ ಗೆದ್ದಿತೇ ಹೊರತು ದುಡ್ಡು ಗೆಲ್ಲಲಿಲ್ಲ. ಪ್ರಕರಣ ಕೆಳಗೆ ವಾಪಸು ಹೋದಾಗ, ಹುಡುಗನನ್ನು ಸೇರಿಸಿದ್ದು ಕಲಿಕೆಯ ತೊಂದರೆಗಲ್ಲ, ಮಾದಕವಸ್ತು ಮತ್ತು ನಡವಳಿಕೆಯ ಕಾರಣಕ್ಕೆ ಎಂದು ನ್ಯಾಯಾಲಯಕ್ಕೆ ಕಂಡಿತು. ಶಾಲೆಯ ಅರ್ಜಿ ತುಂಬುವಾಗ ಏಕೆ ಸೇರಿಸುತ್ತಿದ್ದೀರಿ ಎಂಬ ಸಾಲಿನಲ್ಲಿ ಬರೆಯುವುದು ಕೂಡ ಮುಂದೆ ಸಾಕ್ಷ್ಯವಾಗುತ್ತದೆ ಎಂದರ್ಥ.

ಈ ತೀರ್ಪುಗಳಿಂದ ಮೂರು ಪ್ರಶ್ನೆ ನಿಂತಿವೆ. ಡಿಸ್ಟ್ರಿಕ್ಟ್ ಕೊಡಲು ಮುಂದೆ ಬಂದದ್ದು ಸಾಲದಾಗಿತ್ತೇ? ನೀವು ಆರಿಸಿದ ಶಾಲೆ ಮಗುವಿನ ಕೊರತೆಗೆ ಸರಿಯಾಗಿ ಕೂರುತ್ತದೆಯೇ? ಈ ಜಗಳದಲ್ಲಿ ನೀವು ನ್ಯಾಯವಾಗಿ ನಡೆದುಕೊಂಡಿದ್ದೀರಾ? ಮೊದಲ ಪ್ರಶ್ನೆಗೆ ಉತ್ತರ ‘ಸಾಕಾಗಿತ್ತು’ ಎಂದಾದರೆ ಎರಡನೆಯದನ್ನು ಯಾರೂ ಕೇಳುವುದಿಲ್ಲ. ನಿಮ್ಮ ಶಾಲೆ ಎಷ್ಟೇ ಚೆನ್ನಾಗಿರಲಿ, ಅಲ್ಲಿಗೆ ಮುಗಿಯಿತು. ನಮ್ಮ ಕುಟುಂಬಗಳು ಖಾಸಗಿ ಶಾಲೆಯ ಗುಣಗಾನಕ್ಕೆ ಖರ್ಚು ಮಾಡುವ ಶ್ರಮದ ಮುಕ್ಕಾಲು ಪಾಲನ್ನು ಡಿಸ್ಟ್ರಿಕ್ಟಿನ ಕೊರತೆಯನ್ನು ದಾಖಲಿಸಲು ಹಾಕಿದರೆ ಫಲಿತಾಂಶವೇ ಬೇರೆಯಾಗುತ್ತದೆ.

ಡಿಸ್ಟ್ರಿಕ್ಟ್ ಏಕೆ ಕೈ ಬಿಗಿಹಿಡಿಯುತ್ತದೆ

ಎದುರಿಗೆ ಕೂತವರು ಕೆಟ್ಟವರೆಂದೇನೂ ಅಲ್ಲ. 1975ರಲ್ಲಿ ಕಾಂಗ್ರೆಸ್ಸು ಈ ಹೆಚ್ಚುವರಿ ಖರ್ಚಿಗೆಂದು, ಒಬ್ಬ ವಿದ್ಯಾರ್ಥಿಗೆ ದೇಶದಲ್ಲಿ ತಗಲುವ ಸರಾಸರಿ ಖರ್ಚಿನ ಶೇಕಡ 40ರಷ್ಟನ್ನು ತಾನು ಕೊಡುವುದಾಗಿ ಹೇಳಿತ್ತು. ಆ 40 ಒಂದು ವರ್ಷವೂ ಬಂದಿಲ್ಲ. ಉಳಿದದ್ದು ರಾಜ್ಯದ ಮತ್ತು ಊರಿನ ಆಸ್ತಿ ತೆರಿಗೆಯ ಮೇಲೆ. ಒಂದು ಖಾಸಗಿ ಶಾಲೆಯ ಫೀಸು ಎಂದರೆ ಒಬ್ಬ ಶಿಕ್ಷಕಿಯ ಸಂಬಳ. ಈ ಒತ್ತಡ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಟೆಕ್ಸಾಸ್ ಸಾಕ್ಷಿ. ವಿಶೇಷ ಶಿಕ್ಷಣ ಪಡೆಯುವ ಮಕ್ಕಳ ಪ್ರಮಾಣ ಶೇ 8.5 ದಾಟದಂತೆ ಅಲ್ಲಿ ವರ್ಷಗಟ್ಟಲೆ ಅಳತೆಗೋಲು ಇಟ್ಟಿದ್ದರು. 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಬಯಲಿಗೆಳೆಯಿತು, 2018ರಲ್ಲಿ ಫೆಡರಲ್ ಶಿಕ್ಷಣ ಇಲಾಖೆ ಅದು ಕಾನೂನು ಉಲ್ಲಂಘನೆ ಎಂದಿತು. ಪ್ರೀತಿಯಿಂದ ಮಾತಾಡುವ ಟೀಚರಿಗೆ ಮನಸ್ಸಿದ್ದರೂ ‘ಹೊರಗಿನ ಶಾಲೆ’ ಎಂಬ ಮಾತನ್ನು ಸಭೆಯಲ್ಲಿ ಆಡುವ ಸ್ವಾತಂತ್ರ್ಯ ಇರುವುದು ಕಡಿಮೆ.

ಹಾಗೆಂದು ಎಲ್ಲ ಮಕ್ಕಳಿಗೂ ಖಾಸಗಿ ಶಾಲೆಯೇ ಬೇಕೆಂದಲ್ಲ. ಸಾಧ್ಯವಿದ್ದಷ್ಟು ಮಟ್ಟಿಗೆ ವೈಕಲ್ಯವಿಲ್ಲದ ಮಕ್ಕಳ ಜೊತೆಯಲ್ಲೇ ಕಲಿಯಬೇಕೆಂಬುದು ಇದೇ ಕಾನೂನಿನ ಇನ್ನೊಂದು ತತ್ವ. ಡಿಸ್ಟ್ರಿಕ್ಟ್ ಇದನ್ನು ನಿಮ್ಮ ವಿರುದ್ಧ ಬಳಸುತ್ತದೆ, ನಿಜ. ಆದರೆ ತತ್ವವೇನೂ ಸುಳ್ಳಲ್ಲ. ಬೀದಿಯ ಗೆಳೆಯರಿಂದ ದೂರವಾಗಿ, ದಿನಕ್ಕೆ ಎರಡು ಗಂಟೆ ವ್ಯಾನಿನಲ್ಲಿ ಕೂತು ಹೋಗುವ ಮಗುವಿಗೆ ಆಗುವ ನಷ್ಟವನ್ನೂ ಲೆಕ್ಕ ಹಾಕಿ.

ಎರಡು ದಾರಿ

ಮೊದಲ ದಾರಿ ಸುಗಮ. ಐಇಪಿ ತಂಡವೇ ನಮ್ಮಲ್ಲಿ ಸಾಧ್ಯವಿಲ್ಲ ಎಂದು ಒಪ್ಪಿ ಖಾಸಗಿ ಶಾಲೆಗೆ ಕಳಿಸುತ್ತದೆ. ಆಗ ಫೀಸು, ವ್ಯಾನು ಎಲ್ಲ ಡಿಸ್ಟ್ರಿಕ್ಟಿನದು. ನೀವು ಒಂದು ಡಾಲರೂ ಮುಂಗಡ ಕಟ್ಟುವುದಿಲ್ಲ. ಆದರೆ ಆ ಶಾಲೆಗೆ ರಾಜ್ಯದ ಮಾನ್ಯತೆ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ ಇಂಥವನ್ನು ‘ನಾನ್‌ಪಬ್ಲಿಕ್ ಸ್ಕೂಲ್’ ಎನ್ನುತ್ತಾರೆ. ಪಟ್ಟಿ ರಾಜ್ಯದ ಶಿಕ್ಷಣ ಇಲಾಖೆಯಲ್ಲಿ ಸಿಗುತ್ತದೆ. ನ್ಯೂಜೆರ್ಸಿಯಲ್ಲೂ ಮಾನ್ಯತೆ ಪಡೆದ ಖಾಸಗಿ ಶಾಲೆಗಳ ಪಟ್ಟಿ ಇದೆ. ಮೊದಲು ಈ ಪಟ್ಟಿಯಲ್ಲೇ ಹುಡುಕಿ. ಪಟ್ಟಿಯಲ್ಲಿರುವ ಶಾಲೆಗೆ ಒಪ್ಪಿಸುವುದು ಎಷ್ಟೋ ಸುಲಭ.

ಎರಡನೆಯದು ಬರ್ಲಿಂಗ್ಟನ್ ದಾರಿ. ನೀವೇ ಸೇರಿಸಿ, ನೀವೇ ಕಟ್ಟಿ, ಆಮೇಲೆ ಹಿಯರಿಂಗಿನಲ್ಲಿ, ಅಂದರೆ ಇಂಥ ವಿವಾದ ತೀರ್ಮಾನಿಸುವ ವಿಚಾರಣೆಯಲ್ಲಿ, ವಾಪಸು ಕೇಳುವುದು. ನ್ಯೂಯಾರ್ಕ್ ನಗರದಲ್ಲಿ ಇಂಥ ಪ್ರಕರಣಗಳು ಎಷ್ಟು ಸಾಮಾನ್ಯವೆಂದರೆ ವಕೀಲರು ಅವನ್ನು ‘ಕಾರ್ಟರ್ ಕೇಸು’ ಎಂದೇ ಕರೆಯುತ್ತಾರೆ. ಮುಂಗಡ ಕಟ್ಟಲು ಆಗದ ಕುಟುಂಬಕ್ಕೆ ಡಿಸ್ಟ್ರಿಕ್ಟ್ ನೇರವಾಗಿ ಶಾಲೆಗೆ ಪಾವತಿಸುವ ವ್ಯವಸ್ಥೆ ಅಲ್ಲಿ ‘ಕಾನರ್ಸ್’ ಎಂಬ ಹೆಸರಿನಲ್ಲಿದೆ.

ಇವೆರಡರ ನಡುವೆ ಬೀಳುವುದೇ ಅಪಾಯ. ‘ನಮಗೆ ನಿಮ್ಮ ಸೇವೆ ಬೇಡ, ಬೇರೆ ಕಡೆ ಸೇರಿಸುತ್ತಿದ್ದೇವೆ’ ಎಂದಷ್ಟೇ ಬರೆದು ಮಗುವನ್ನು ಬಿಡಿಸಿದರೆ, ಕಾನೂನಿನ ಕಣ್ಣಿನಲ್ಲಿ ನೀವು ನಿಮ್ಮ ಇಷ್ಟಕ್ಕೆ ಖಾಸಗಿ ಶಾಲೆ ಆರಿಸಿಕೊಂಡವರು. ಅಂಥ ಮಗುವಿಗೆ ಸೇವೆ ಕೇಳುವ ವೈಯಕ್ತಿಕ ಹಕ್ಕೇ ಇರುವುದಿಲ್ಲ.

ಕಾಗದ ಕೂಡಿಸುವ ಕೆಲಸ

ಇಲ್ಲಿ ಪ್ರಕರಣ ಗೆಲ್ಲುವುದು ಅಥವಾ ಸೋಲುವುದು. ವಕೀಲರು ಬರುವುದಕ್ಕೆ ಒಂದು ವರ್ಷ ಮುಂಚೆಯೇ ಇದು ಶುರುವಾಗಬೇಕು.

ಮಗುವಿನ ಪರೀಕ್ಷೆ ಆಗಬೇಕೆಂದು ಬಾಯಲ್ಲಿ ಕೇಳಬೇಡಿ, ಬರೆದು ಕೇಳಿ. ನೀವು ಒಪ್ಪಿಗೆ ಕೊಟ್ಟ ಮೇಲೆ ಫೆಡರಲ್ ಗಡುವು 60 ದಿನ. ರಾಜ್ಯ ತನ್ನದೇ ಗಡುವು ಇಟ್ಟುಕೊಂಡಿರಬಹುದು. ಡಿಸ್ಟ್ರಿಕ್ಟಿನ ಮನಶ್ಶಾಸ್ತ್ರಜ್ಞರು ಕೊಟ್ಟ ವರದಿ ನಿಮಗೆ ಒಪ್ಪಿಗೆಯಾಗದಿದ್ದರೆ, ಹೊರಗಿನ ತಜ್ಞರಿಂದ ಡಿಸ್ಟ್ರಿಕ್ಟಿನ ಖರ್ಚಿನಲ್ಲೇ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಡಿ ಎಂದು ಕೇಳುವ ಹಕ್ಕಿದೆ. ಅದಕ್ಕೆ ಐಇಇ ಎನ್ನುತ್ತಾರೆ. ಕೇಳಿದ ಮೇಲೆ ಡಿಸ್ಟ್ರಿಕ್ಟಿಗೆ ಎರಡೇ ಆಯ್ಕೆ: ದುಡ್ಡು ಕೊಡುವುದು, ಇಲ್ಲವೇ ತನ್ನ ವರದಿಯೇ ಸರಿ ಎಂದು ಸಾಧಿಸಲು ತಾನೇ ಹಿಯರಿಂಗಿಗೆ ಹೋಗುವುದು. ಸುಮ್ಮನೆ ‘ಆಗಲ್ಲ’ ಎನ್ನುವಂತಿಲ್ಲ. ಖಾಸಗಿಯಾಗಿ ಮಾಡಿಸಿದರೆ ನ್ಯೂರೋಸೈಕಾಲಜಿ ವರದಿಗೆ ಹಲವು ಸಾವಿರ ಡಾಲರ್ ಬೀಳುವುದರಿಂದ ಈ ಹಕ್ಕಿನ ಬೆಲೆ ದೊಡ್ಡದು. ಆ ತಜ್ಞರಿಗೆ ಒಂದು ಮಾತು ಮೊದಲೇ ಹೇಳಿ: ಮಗುವಿಗೆ ಏನೇನು ತೊಂದರೆ ಎಂಬ ಪಟ್ಟಿ ಸಾಲದು, ತರಗತಿಯಲ್ಲಿ ಎಷ್ಟು ಮಕ್ಕಳಿರಬೇಕು, ಯಾವ ಪದ್ಧತಿಯ ಪಾಠ, ವಾರಕ್ಕೆ ಎಷ್ಟು ಗಂಟೆ ಎಂಬುದು ವರದಿಯಲ್ಲಿ ಇರಬೇಕು. ಸಾಧ್ಯವಾದರೆ ಅವರು ಈಗಿನ ತರಗತಿಯನ್ನು ಕಣ್ಣಾರೆ ನೋಡಿ ಬರಲಿ. ತರಗತಿ ನೋಡದೆ ಅದರ ಬಗ್ಗೆ ಬರೆದ ತಜ್ಞರನ್ನು ಎದುರು ವಕೀಲರು ಐದು ನಿಮಿಷದಲ್ಲಿ ಕೆಡವುತ್ತಾರೆ.

ಐಇಪಿಗಳನ್ನು ವರ್ಷವಾರು ಪಕ್ಕ ಪಕ್ಕ ಇಟ್ಟು ಓದಿ. ಕಳೆದ ವರ್ಷದ ಗುರಿಯೇ ಈ ವರ್ಷವೂ ಕೂತಿದೆಯೇ? ಎರಡನೇ ತರಗತಿಯ ಮಟ್ಟದಲ್ಲಿ ಓದುತ್ತಾನೆ ಎಂದು ಮೂರು ವರ್ಷ ಬರೆದಿದ್ದಾರೆಯೇ? ಪ್ರಗತಿ ಪತ್ರದಲ್ಲಿ ‘ಚೆನ್ನಾಗಿ ಮಾಡುತ್ತಿದ್ದಾನೆ’ ಎಂದಿದ್ದು, ಪ್ರಮಾಣಿತ ಪರೀಕ್ಷೆಯಲ್ಲಿ ಪರ್ಸೆಂಟೈಲ್ ಇಳಿಯುತ್ತಾ ಬಂದಿದೆಯೇ? ಆ ಅಂತರವೇ ನಿಮ್ಮ ಪ್ರಕರಣ. ಶಾಲೆಯ ಕಡತವೆಲ್ಲ ಬೇಕೆಂದು ಬರೆದು ಕೇಳಿ. ಕೊಡಲು 45 ದಿನಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಐಇಪಿ ಸಭೆ ಇದ್ದರೆ ಅದಕ್ಕೆ ಮುಂಚೆಯೇ ಕೊಡಬೇಕು.

ಪ್ರತಿ ಸಭೆಯಾದ ಮೇಲೆ ಆ ಸಂಜೆಯೇ ಒಂದು ಇಮೇಲ್ ಹಾಕಿ: ಇವತ್ತು ನಾವು ಇದು ಕೇಳಿದೆವು, ನೀವು ಹೀಗೆ ಹೇಳಿದಿರಿ, ನಾವು ಅರ್ಥಮಾಡಿಕೊಂಡದ್ದು ತಪ್ಪಿದ್ದರೆ ತಿಳಿಸಿ. ಕೋಪದ ಒಂದು ಪದವೂ ಬೇಡ. ಈ ಇಮೇಲನ್ನು ಒಂದು ದಿನ ಹಿಯರಿಂಗ್ ಆಫೀಸರ್ ಓದುತ್ತಾರೆ ಎಂದುಕೊಂಡೇ ಬರೆಯಿರಿ. ನೀವು ಕೇಳಿದ್ದನ್ನು ಅವರು ನಿರಾಕರಿಸಿದರೆ ‘ಪ್ರಯರ್ ರಿಟನ್ ನೋಟಿಸ್’ ಕೊಡಿ ಎನ್ನಿ. ಏನು ನಿರಾಕರಿಸಿದೆವು, ಏಕೆ, ಯಾವ ಆಧಾರದ ಮೇಲೆ ಎಂದು ಅವರು ಅದರಲ್ಲಿ ಬರೆದುಕೊಡಲೇಬೇಕು. ಸಭೆಯಲ್ಲಿ ನಗುನಗುತ್ತಾ ಹೇಳಿದ ‘ನೋ’ ಕಾಗದಕ್ಕೆ ಇಳಿಯುವಾಗ ಎಷ್ಟೋ ಸಲ ‘ನೋಡೋಣ’ ಆಗುತ್ತದೆ.

ಸಹಿಯ ಬಗ್ಗೆ ಎಚ್ಚರ. ಹಾಜರಿಗೆ ಹಾಕುವ ಸಹಿ ಬೇರೆ, ಒಪ್ಪಿಗೆಯ ಸಹಿ ಬೇರೆ. ನಿಯಮವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಜೆರ್ಸಿಯಲ್ಲಿ ನೀವು 15 ದಿನದೊಳಗೆ ಮಧ್ಯಸ್ಥಿಕೆ ಅಥವಾ ಹಿಯರಿಂಗಿಗೆ ಅರ್ಜಿ ಹಾಕದಿದ್ದರೆ ಹೊಸ ಐಇಪಿ ತಾನಾಗಿ ಜಾರಿಗೆ ಬರಬಹುದು. ಸುಮ್ಮನಿರುವುದೂ ಅಲ್ಲಿ ಒಪ್ಪಿಗೆಯೇ.

ಹತ್ತು ದಿನದ ಪತ್ರ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಮಗುವನ್ನು ಪಬ್ಲಿಕ್ ಸ್ಕೂಲಿನಿಂದ ಬಿಡಿಸುವುದಕ್ಕೆ ಕನಿಷ್ಠ ಹತ್ತು ಕೆಲಸದ ದಿನ ಮುಂಚೆ ಡಿಸ್ಟ್ರಿಕ್ಟಿಗೆ ಪತ್ರ ಮುಟ್ಟಿರಬೇಕು. ಇಲ್ಲವೇ ಬಿಡಿಸುವುದಕ್ಕೆ ಮುಂಚಿನ ಕೊನೆಯ ಐಇಪಿ ಸಭೆಯಲ್ಲಿ ನೀವು ಅದೇ ಮಾತನ್ನು ಹೇಳಿರಬೇಕು. ಸಭೆಯಲ್ಲಿ ಹೇಳಿದ್ದರೂ ಪತ್ರ ಬರೆಯಿರಿ. ಪತ್ರದಲ್ಲಿ ಮೂರು ಮಾತು ಇರಲೇಬೇಕು: ನೀವು ಕೊಟ್ಟ ಐಇಪಿಯನ್ನು ನಾವು ಒಪ್ಪುತ್ತಿಲ್ಲ, ನಮ್ಮ ಆತಂಕಗಳು ಇವು, ಮಗುವನ್ನು ಇಂಥ ಖಾಸಗಿ ಶಾಲೆಗೆ ಸೇರಿಸಿ ಅದರ ಖರ್ಚನ್ನು ಡಿಸ್ಟ್ರಿಕ್ಟಿನಿಂದ ಕೇಳಲಿದ್ದೇವೆ. ಮೂರನೆಯ ಮಾತನ್ನು ಸಂಕೋಚಕ್ಕೆ ಬಿಟ್ಟವರು ಅನೇಕರು. ‘ಸರ್ಕಾರಿ ಖರ್ಚಿನಲ್ಲಿ’ ಎಂಬ ಮಾತು ಪತ್ರದಲ್ಲಿ ಇಲ್ಲದಿದ್ದರೆ ಅದನ್ನು ನೋಟಿಸ್ ಎಂದು ನೋಡದಿರಲು ಡಿಸ್ಟ್ರಿಕ್ಟಿಗೆ ಕಾರಣ ಸಿಕ್ಕಂತೆ.

ಈ ಪತ್ರ ಇಲ್ಲದಿದ್ದರೆ ಹಿಯರಿಂಗ್ ಆಫೀಸರ್ ಮೊತ್ತವನ್ನು ಕಡಿಮೆ ಮಾಡಬಹುದು, ಪೂರ್ತಿ ನಿರಾಕರಿಸಲೂ ಬಹುದು. ವಿನಾಯಿತಿಗಳಿವೆ, ಓದಲು ಬಾರದ ಅಥವಾ ಇಂಗ್ಲಿಷ್ ಬರೆಯಲು ಬಾರದ ಪೋಷಕರನ್ನು ಮನ್ನಿಸಬಹುದು ಎಂದು ಕಾನೂನೇ ಹೇಳುತ್ತದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ದಿನಕ್ಕೆ ನೂರು ಇಮೇಲ್ ಬರೆಯುವವರು ಅದನ್ನು ನೆಚ್ಚಿಕೊಳ್ಳಬೇಡಿ.

ಪತ್ರ ಕಳಿಸಿದ ಮೇಲೆ ಬಾಗಿಲು ಹಾಕಿಕೊಳ್ಳಬಾರದು. ಡಿಸ್ಟ್ರಿಕ್ಟ್ ಇನ್ನೊಂದು ಸಭೆಗೆ ಕರೆದರೆ ಹೋಗಿ. ಬಿಡಿಸುವ ಮುಂಚೆ ಮಗುವನ್ನು ಪರೀಕ್ಷಿಸುತ್ತೇವೆ ಎಂದು ನೋಟಿಸ್ ಕೊಟ್ಟರೆ ಮಗುವನ್ನು ಕಳಿಸಿ. ಅವರು ತೋರಿಸುವ ತರಗತಿಯನ್ನು ನೋಡಿಬನ್ನಿ, ನೋಡಿ ಬಂದದ್ದನ್ನು ಬರೆದಿಡಿ. ನ್ಯಾಯವಾಗಿ ನಡೆದುಕೊಂಡಿರಾ ಎಂಬ ಮೂರನೇ ಪ್ರಶ್ನೆ ಇರುವುದೇ ಇದಕ್ಕೆ. ಮೊದಲೇ ನಿರ್ಧಾರ ಮಾಡಿ ನಾಟಕವಾಡಿದರು ಎಂಬ ಅಭಿಪ್ರಾಯ ಬಂದರೆ ಮೊದಲ ಎರಡು ಪ್ರಶ್ನೆ ಗೆದ್ದೂ ಕೈಗೆ ಬರುವ ದುಡ್ಡು ಕಡಿಮೆಯಾಗುತ್ತದೆ. ಖಾಸಗಿ ಶಾಲೆಗಳ ಕರಾರು ಬೇಸಿಗೆಗೆ ಮುಂಚೆಯೇ ಸಹಿಗೆ ಬರುವುದರಿಂದ, ಡಿಸ್ಟ್ರಿಕ್ಟ್ ಸರಿಯಾದ ವ್ಯವಸ್ಥೆ ಕೊಟ್ಟರೆ ಬಿಡಲು ಅವಕಾಶ ಇರುವಂಥ ಷರತ್ತು ಸೇರಿಸಲು ಶಾಲೆ ಒಪ್ಪುತ್ತದೆಯೇ ಎಂದು ಕೇಳಿ. ಒಪ್ಪಿದರೆ ಅದೇ ನಿಮ್ಮ ಸದುದ್ದೇಶಕ್ಕೆ ಸಾಕ್ಷಿ.

ಶಾಲೆಯನ್ನು ಕೇಳಬೇಕಾದ ಇನ್ನೊಂದು ಪ್ರಶ್ನೆ: ಹಿಯರಿಂಗಿಗೆ ನಿಮ್ಮವರು ಬಂದು ಸಾಕ್ಷಿ ಹೇಳುತ್ತಾರೆಯೇ? ಕೆಲವು ಶಾಲೆಗಳಿಗೆ ಇದು ರೂಢಿ. ಡಿಸ್ಟ್ರಿಕ್ಟುಗಳ ಜೊತೆಗಿನ ಸಂಬಂಧ ಕೆಡಿಸಿಕೊಳ್ಳಲು ಇಷ್ಟವಿಲ್ಲದೆ ಹಿಂದೆ ಸರಿಯುವ ಶಾಲೆಗಳೂ ಇವೆ. ಅಂಥ ಕಡೆ ಮಗು ಸೇರಿಸಿ ಹಿಯರಿಂಗಿಗೆ ಹೋದರೆ ಶಾಲೆ ಮಗುವಿಗೆ ಸರಿಹೊಂದುತ್ತದೆಯೇ ಎಂಬ ಎರಡನೇ ಪ್ರಶ್ನೆಗೆ ಉತ್ತರ ಹೇಳುವವರೇ ಇರುವುದಿಲ್ಲ.

ಹಿಯರಿಂಗು, ವಕೀಲರು, ರಾಜಿ

ಹಿಯರಿಂಗ್ ಕೇಳುವ ಡ್ಯೂ ಪ್ರಾಸೆಸ್ ಅರ್ಜಿ ಹಾಕಲು ಫೆಡರಲ್ ಗಡುವು, ವಿಷಯ ಗೊತ್ತಾದ ಅಥವಾ ಗೊತ್ತಾಗಬೇಕಿದ್ದ ದಿನದಿಂದ ಎರಡು ವರ್ಷ. ರಾಜ್ಯ ಬೇರೆ ಗಡುವು ಇಟ್ಟಿರಬಹುದು. ಅರ್ಜಿ ಹಾಕಿದ 15 ದಿನದಲ್ಲಿ ಡಿಸ್ಟ್ರಿಕ್ಟ್ ಮಾತುಕತೆಗೆ ಕರೆಯಬೇಕು. ನೀವು ವಕೀಲರನ್ನು ಕರೆದೊಯ್ಯದಿದ್ದರೆ ಅಲ್ಲಿಗೆ ಅವರೂ ಕರೆತರುವಂತಿಲ್ಲ. 30 ದಿನದಲ್ಲಿ ಮಾತು ಹರಿಯದಿದ್ದರೆ ಆಮೇಲಿನ 45 ದಿನದಲ್ಲಿ ತೀರ್ಪು ಬರಬೇಕೆಂಬುದು ಕಾನೂನು. ಮುಂದೂಡಿಕೆಗಳಿಂದ ಅದು ತಿಂಗಳುಗಟ್ಟಲೆ ಎಳೆಯುವುದು ವಾಸ್ತವ.

ಸಾಬೀತುಪಡಿಸುವ ಹೊರೆ ಯಾರದು? 2005ರ ಶಾಫರ್ ತೀರ್ಪಿನ ಪ್ರಕಾರ ಅರ್ಜಿ ಹಾಕಿದವರದು, ಅಂದರೆ ಬಹುಪಾಲು ಪೋಷಕರದು. ನ್ಯೂಜೆರ್ಸಿ ಇದನ್ನು ರಾಜ್ಯದ ಕಾನೂನಿನಿಂದ ತಿರುಗಿಸಿ ಡಿಸ್ಟ್ರಿಕ್ಟಿನ ಮೇಲೆ ಹಾಕಿದೆ. ನ್ಯೂಯಾರ್ಕ್ ಕೂಡ ಹಾಗೇ ಮಾಡಿದೆ. ಆದರೆ ನೀವೇ ಆರಿಸಿದ ಶಾಲೆ ಸರಿಯಾದದ್ದು ಎಂಬುದನ್ನು ಅಲ್ಲಿ ನೀವೇ ತೋರಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಹೊರೆ ಅರ್ಜಿದಾರರದೇ. ಒಂದೇ ಬಗೆಯ ಮಗು, ಒಂದೇ ಬಗೆಯ ದಾಖಲೆ, ಎರಡು ರಾಜ್ಯದಲ್ಲಿ ಎರಡು ಫಲಿತಾಂಶ ಬರಬಹುದು.

ಗೆದ್ದರೆ ವಕೀಲರ ಫೀಸನ್ನು ಡಿಸ್ಟ್ರಿಕ್ಟಿನಿಂದ ಪಡೆಯಬಹುದು. ತಜ್ಞ ಸಾಕ್ಷಿಯ ಫೀಸನ್ನು ಪಡೆಯಲಾಗದು; 2006ರಲ್ಲಿ ಸುಪ್ರೀಂ ಕೋರ್ಟು ಹಾಗೆ ಹೇಳಿ ಪೋಷಕರ ಕೈ ಕಟ್ಟಿತು. ವಕೀಲರೇ ಬೇಕೆಂಬ ನಿಯಮವಿಲ್ಲ, ಪೋಷಕರೇ ವಾದಿಸಬಹುದು. ಆದರೆ ಖಾಸಗಿ ಶಾಲೆಯ ಪ್ರಕರಣವನ್ನು ವಕೀಲರಿಲ್ಲದೆ ನಡೆಸುವುದು ನನ್ನ ಮಟ್ಟಿಗೆ ಸಾಹಸವೇ ಸರಿ. ವಕೀಲರನ್ನು ಹುಡುಕಲು ಕೋಪಾ ಎಂಬ, ಪೋಷಕರ ಪರ ವಕೀಲರ ಸಂಘಟನೆಯ ಪಟ್ಟಿ ಒಳ್ಳೆಯ ಆರಂಭ. ಪತ್ರ ಬರೆಯುವ ಮುಂಚೆ ಒಂದು ಗಂಟೆಯ ಸಲಹೆಗೆ ಕೊಡುವ ದುಡ್ಡು, ಆಮೇಲೆ ಕೊಡುವ ಸಾವಿರಾರು ಡಾಲರಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಬಹಳಷ್ಟು ಪ್ರಕರಣಗಳು ತೀರ್ಪಿನ ತನಕ ಹೋಗದೆ ರಾಜಿಯಲ್ಲಿ ಮುಗಿಯುತ್ತವೆ. ಡಿಸ್ಟ್ರಿಕ್ಟ್ ಫೀಸಿನ ಒಂದು ಭಾಗ ಕೊಡುತ್ತದೆ, ನೀವು ಉಳಿದದ್ದು ಕಟ್ಟುತ್ತೀರಿ. ರಾಜಿ ಪತ್ರದಲ್ಲಿ ಮೊತ್ತಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಒಂದು ಸಾಲಿದೆ. ವಿವಾದ ನಡೆಯುವಾಗ ಮಗು ಇದ್ದಲ್ಲೇ ಇರಬೇಕು, ಅಲ್ಲಿನ ಖರ್ಚು ಡಿಸ್ಟ್ರಿಕ್ಟ್ ಭರಿಸಬೇಕು ಎಂಬ ನಿಯಮಕ್ಕೆ ‘ಸ್ಟೇ-ಪುಟ್’ ಎನ್ನುತ್ತಾರೆ. ಖಾಸಗಿ ಶಾಲೆಯೇ ನಿಮ್ಮ ಮಗುವಿನ ಈಗಿನ ಶಾಲೆ ಎಂದು ಒಮ್ಮೆ ದಾಖಲಾದರೆ ಮುಂದಿನ ಜಗಳದಲ್ಲಿ ಅದು ದೊಡ್ಡ ಬಲ. ಅದಕ್ಕೇ ಡಿಸ್ಟ್ರಿಕ್ಟಿನ ವಕೀಲರು ‘ಇದು ಈ ಒಂದು ವರ್ಷಕ್ಕೆ ಮಾತ್ರ, ಸ್ಟೇ-ಪುಟ್ ಆಗುವುದಿಲ್ಲ’ ಎಂದು ಸೇರಿಸುತ್ತಾರೆ. ಹಾಗೆ ಸಹಿ ಹಾಕಿದರೆ ಮುಂದಿನ ಬೇಸಿಗೆಗೆ ಇದೆಲ್ಲ ಮೊದಲಿನಿಂದ. ಕೆಲವೊಮ್ಮೆ ಬೇರೆ ದಾರಿಯಿಲ್ಲದೆ ಒಪ್ಪಬೇಕಾಗುತ್ತದೆ. ಒಪ್ಪುವಾಗ ಏನು ಬಿಟ್ಟುಕೊಡುತ್ತಿದ್ದೀರಿ ಎಂಬುದು ಗೊತ್ತಿರಲಿ.

ನಮ್ಮವರು ಕೇಳುವ ಪ್ರಶ್ನೆಗಳು

ಎಚ್-1ಬಿ, ಎಚ್-4 ವೀಸಾದವರಿಗೆ ಇದೆಲ್ಲ ಇದೆಯೇ? ಇದೆ. ಮಗುವಿನ ವಲಸೆ ಸ್ಥಿತಿ ನೋಡಿ ಸಾರ್ವಜನಿಕ ಶಾಲೆಯನ್ನು ನಿರಾಕರಿಸುವಂತಿಲ್ಲ ಎಂದು 1982ರ ಪ್ಲೈಲರ್ ತೀರ್ಪಿನಲ್ಲೇ ಇತ್ಯರ್ಥವಾಗಿದೆ. ಮಗು ಆ ಡಿಸ್ಟ್ರಿಕ್ಟಿನಲ್ಲಿ ವಾಸವಾಗಿದ್ದರೆ ಹಕ್ಕು ಬಂದಂತೆ. ಗ್ರೀನ್ ಕಾರ್ಡ್ ಬಗ್ಗೆ ಭಯವಿದ್ದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಬೇಡಿ, ವಲಸೆ ವಕೀಲರನ್ನು ಕೇಳಿ.

ಮನೆಯಲ್ಲಿ ಕನ್ನಡ ಮಾತಾಡುವುದರಿಂದಲೇ ಮಗು ಹಿಂದುಳಿದಿದೆ ಎಂದು ಯಾರಾದರೂ ಸಭೆಯಲ್ಲಿ ಹೇಳಿದರೆ ಕಾನೂನು ತೋರಿಸಿ. ಪರೀಕ್ಷೆ ಮಗುವಿನ ಮನೆಮಾತಿನಲ್ಲಿ ಅಥವಾ ಸರಿಯಾದ ಮಾಹಿತಿ ಸಿಗುವ ರೀತಿಯಲ್ಲಿ ಆಗಬೇಕು. ಇಂಗ್ಲಿಷ್ ಕಡಿಮೆ ಎಂಬುದನ್ನೇ ತೊಂದರೆ ಎಂದು ಎಣಿಸುವಂತಿಲ್ಲ, ನಿಜವಾದ ತೊಂದರೆಯನ್ನು ‘ಎರಡು ಭಾಷೆಯ ಗೊಂದಲ’ ಎಂದು ತಳ್ಳಿಹಾಕಿದರೆ ಅದೂ ಮಗುವಿಗೆ ಅನ್ಯಾಯವೇ. ಸಭೆಯಲ್ಲಿ ಅಮ್ಮನಿಗೆ ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕೆಂದು ಮುಂಚೆಯೇ ಬರೆದು ಕೇಳಿ. ವ್ಯವಸ್ಥೆ ಮಾಡುವುದು ಡಿಸ್ಟ್ರಿಕ್ಟಿನ ಹೊಣೆ, ಗಂಡನ ಹೊಣೆಯಲ್ಲ.

ಕೆಲಸ ಬದಲಾಗಿ ಸ್ಯಾನ್ ಹೋಸೆಯಿಂದ ಡಾಲಸ್‌ಗೆ ಹೊರಟವರು ಮನೆ ನೋಡುವ ಮೊದಲು ಇದನ್ನು ಯೋಚಿಸಿ. ಹೊಸ ಡಿಸ್ಟ್ರಿಕ್ಟ್ ತನ್ನ ಐಇಪಿ ಬರೆಯುವ ತನಕ ಹಳೆಯದಕ್ಕೆ ಸಮನಾದ ಸೇವೆ ಕೊಡಬೇಕು. ಅಲ್ಲಿ ಸಿಕ್ಕಿದ್ದ ಖಾಸಗಿ ಶಾಲೆ ಇಲ್ಲೂ ತಾನಾಗಿ ಮುಂದುವರಿಯುವುದಿಲ್ಲ. ಕರ್ನಾಟಕಕ್ಕೇ ವಾಪಸಾಗುವವರಿಗೆ ಅಮೆರಿಕದ ಐಇಪಿಗೆ ಅಲ್ಲಿ ಕಾನೂನಿನ ಬಲವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶೇ 40ರಷ್ಟು ಅಥವಾ ಹೆಚ್ಚು ವೈಕಲ್ಯವಿರುವ 6ರಿಂದ 18ರ ಮಕ್ಕಳಿಗೆ ನೆರೆಯ ಶಾಲೆ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಅದನ್ನು ಪಡೆಯುವ ದಾರಿಯೇ ಬೇರೆ.

ವೌಚರ್ ಬಗ್ಗೆ ಒಂದು ಎಚ್ಚರಿಕೆ. ಫ್ಲಾರಿಡಾ, ಅರಿಜೋನಾ ಮುಂತಾದ ಕಡೆ ರಾಜ್ಯವೇ ಖಾಸಗಿ ಶಾಲೆಗೆ ದುಡ್ಡು ಕೊಡುತ್ತದೆ. ಟೆಕ್ಸಾಸ್ 2025ರಲ್ಲಿ ಕಾನೂನು ಮಾಡಿ ಅಂಗವೈಕಲ್ಯವಿರುವ ಮಗುವಿಗೆ ವರ್ಷಕ್ಕೆ 30 ಸಾವಿರ ಡಾಲರ್ ವರೆಗೆ ಅವಕಾಶ ಇಟ್ಟಿದೆ. ಹಿಯರಿಂಗ್ ಇಲ್ಲದೆ ಸಿಗುವ ದುಡ್ಡು ಯಾರಿಗೆ ಬೇಡ? ಆದರೆ ಇಂಥ ದುಡ್ಡು ತೆಗೆದುಕೊಂಡವರು ಸಾಮಾನ್ಯವಾಗಿ ಇಷ್ಟಪಟ್ಟು ಖಾಸಗಿ ಶಾಲೆಗೆ ಹೋದವರ ಲೆಕ್ಕಕ್ಕೆ ಬರುತ್ತಾರೆ. ಮೇಲೆ ಹೇಳಿದ ಹಕ್ಕುಗಳಲ್ಲಿ ಬಹುಪಾಲು ಅಲ್ಲಿಗೆ ನಿಲ್ಲುತ್ತವೆ. 80 ಸಾವಿರದ ಶಾಲೆಗೆ 30 ಸಾವಿರ ಸಾಕೇ ಎಂದು ಮೊದಲು ಕೂಡಿ ಕಳೆದು ನೋಡಿ.

ಎಲ್ಲೂ ಗೆಲ್ಲದವರಿಗೆ ತೆರಿಗೆಯಲ್ಲಿ ಒಂದಿಷ್ಟು ಸಿಗಬಹುದು. ವೈದ್ಯರ ಶಿಫಾರಸಿನಂತೆ, ಮಗುವಿನ ವೈಕಲ್ಯವನ್ನು ನೀಗಿಸಲೆಂದೇ ಸೇರಿಸಿದ ಶಾಲೆಯ ಫೀಸನ್ನು ಐಆರ್‌ಎಸ್ ವೈದ್ಯಕೀಯ ಖರ್ಚೆಂದು ಒಪ್ಪುತ್ತದೆ. ಆದಾಯದ ಶೇ 7.5 ಮೀರಿದ ಭಾಗಕ್ಕೆ ಮಾತ್ರ ಕಡಿತ ಸಿಗುತ್ತದೆ. ವೈದ್ಯರ ಪತ್ರವನ್ನು ಶಾಲೆಗೆ ಸೇರಿಸುವ ಮುಂಚೆಯೇ ಬರೆಸಿಟ್ಟುಕೊಳ್ಳಿ.

ಪ್ರತಿ ರಾಜ್ಯದಲ್ಲೂ ಫೆಡರಲ್ ದುಡ್ಡಿನಲ್ಲಿ ನಡೆಯುವ ಪೋಷಕರ ಮಾಹಿತಿ ಕೇಂದ್ರ ಕನಿಷ್ಠ ಒಂದಿದೆ. ನ್ಯೂಜೆರ್ಸಿಯಲ್ಲಿ ಸ್ಪ್ಯಾನ್, ಟೆಕ್ಸಾಸ್‌ನಲ್ಲಿ ಪಾರ್ಟ್‌ನರ್ಸ್ ರಿಸೋರ್ಸ್ ನೆಟ್‌ವರ್ಕ್, ವಾಷಿಂಗ್ಟನ್ ರಾಜ್ಯದಲ್ಲಿ ಪೇವ್. ಅವರ ಸಲಹೆಗೆ ಫೀಸಿಲ್ಲ. ವಕೀಲರಿಗಿಂತ ಮುಂಚೆ ಅಲ್ಲಿಗೆ ಫೋನು ಮಾಡಿ. ಇದನ್ನೆಲ್ಲ ದಾಟಿ ಬಂದಿರುವ ಕನ್ನಡ ಕುಟುಂಬಗಳಿಗೂ ಒಂದು ಕೋರಿಕೆ. ರಾಜಿ ಪತ್ರ ಸಾಮಾನ್ಯವಾಗಿ ಮೊತ್ತ ಮತ್ತು ಷರತ್ತುಗಳನ್ನು ಗುಟ್ಟಾಗಿಡುತ್ತದೆ. ಐಇಪಿ ಹೇಗೆ ಓದಬೇಕು, ಹತ್ತು ದಿನದ ಪತ್ರ ಎಂದರೇನು, ಒಳ್ಳೆಯ ತಜ್ಞರನ್ನು ಹೇಗೆ ಆರಿಸುವುದು ಎಂಬುದು ಗುಟ್ಟಲ್ಲ. ಮಗುವಿಗೆ ತೊಂದರೆ ಇದೆ ಎಂದು ಹೇಳಿಕೊಳ್ಳಲು ಹಿಂಜರಿಯುವ ಮನೆಗಳು ನಮ್ಮಲ್ಲಿ ಇನ್ನೂ ಬಹಳ ಇವೆ. ನಿಮ್ಮೂರಿನ ಕನ್ನಡ ಕೂಟ ಯುಗಾದಿ, ರಾಜ್ಯೋತ್ಸವದ ನಡುವೆ ವರ್ಷಕ್ಕೊಂದು ಮಧ್ಯಾಹ್ನವನ್ನು ಈ ಮಾತಿಗೆ ಮೀಸಲಿಡುವಂತೆ ಮಾಡಿ, ಮೊದಲು ಮಾತಾಡುವವರು ನೀವಾಗಿ.